ಸಾಲಿನಲ್ಲಿ ನಿಂತ ಪೊಟ್ಟಣಗಳು

ಒಂದು ಶಾಲೆಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ ಎಂದುಕೊಳ್ಳಿ. ಇಂಟರ್‌ನೆಟ್ ಲೈನು ಮಾತ್ರ ಒಂದೇ. ಒಂದು ಕಂಪ್ಯೂಟರಿನಿಂದ ವಾರ್ಷಿಕೋತ್ಸವದ ವಿಡಿಯೊ ಹೊರಗೆ ಹೋಗುತ್ತಿದೆ. ಇನ್ನೊಂದರ ಮುಂದೆ ಕುಳಿತ ಏಳನೇ ತರಗತಿಯ ಮಕ್ಕಳು ದೂರದ ಊರಿನ ವಿಜ್ಞಾನಿಯೊಬ್ಬರಿಗೆ ಪ್ರಶ್ನೆ ಕೇಳುತ್ತಿದ್ದಾರೆ. ಇದ್ದಕ್ಕಿದ್ದಂತೆ ಅವರ ಮಾತು ತುಂಡು ತುಂಡಾಗುತ್ತದೆ. ಪ್ರಶ್ನೆ ತಲುಪುವುದೇ ಇಲ್ಲ. “ಈ ಲೈನು ಸಾಲದು, ದೊಡ್ಡದು ಹಾಕಿಸಬೇಕು” ಎನ್ನುತ್ತಾರೆ ಎಲ್ಲರೂ. ಆದರೆ ತಪ್ಪು ನಿಜವಾಗಿ ಲೈನಿನದೇ? ನೋಡೋಣ ಬನ್ನಿ.

ಬಾಗಿಲಲ್ಲಿರುವ ಪುಟ್ಟ ಪೆಟ್ಟಿಗೆ

ಮಕ್ಕಳೇ, ಇಂಟರ್‌ನೆಟ್ಟಿನಲ್ಲಿ ಮಾಹಿತಿ ಒಂದೇ ಮುದ್ದೆಯಾಗಿ ಹೋಗುವುದಿಲ್ಲ. ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೋಗುತ್ತದೆ. ಇವೇ ಪ್ಯಾಕೆಟ್‌ಗಳು. ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ ಇರುತ್ತದೆ. ಎಲ್ಲ ಕಂಪ್ಯೂಟರುಗಳ ಪ್ಯಾಕೆಟ್‌ಗಳನ್ನೂ ಆ ಒಂದು ಲೈನಿಗೆ ಬಿಡುವ ಪುಟ್ಟ ಪೆಟ್ಟಿಗೆಯೇ ರೂಟರ್. ಇಂಥ ಅನೇಕ ಪೆಟ್ಟಿಗೆಗಳ ಒಳಗೆ ಕೆಲಸ ಮಾಡುವುದು ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ತಂತ್ರಾಂಶ ಇದು. ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು.

ಒಂದು ಸೆಕೆಂಡಿನಲ್ಲಿ ಲೈನು ಎಷ್ಟು ಬಿಟ್‌ಗಳನ್ನು ಒಯ್ಯಬಲ್ಲದು ಎಂಬುದೇ ಬ್ಯಾಂಡ್‌ವಿಡ್ತ್. ಈಗ ಒಂದು ಲೆಕ್ಕ. 1 ಬೈಟ್ ಎಂದರೆ 8 ಬಿಟ್. ಆದ್ದರಿಂದ 1500 ಬೈಟ್ ಎಂದರೆ 12,000 ಬಿಟ್. ಸೆಕೆಂಡಿಗೆ 10 ಲಕ್ಷ ಬಿಟ್ ಹೋಗುವ ಲೈನಿನಲ್ಲಿ ಒಂದು ಪ್ಯಾಕೆಟ್ ಹೊರಡಲು 12 ಮಿಲಿಸೆಕೆಂಡು ಬೇಕು. ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯ! ಆದರೆ ಮುಂದೆ 250 ಪ್ಯಾಕೆಟ್‌ಗಳು ಸಾಲಾಗಿ ನಿಂತಿದ್ದರೆ? ಹಿಂದೆ ಬಂದದ್ದು 3 ಸೆಕೆಂಡು ಕಾಯಬೇಕು. 3 ಸೆಕೆಂಡು ತಡವಾಗಿ ಕೇಳುವ ಮಾತನ್ನು ಮಾತುಕತೆ ಎನ್ನಲಾದೀತೇ?

ಸಾಲು ಏಕೆ ಬೆಳೆಯುತ್ತದೆ?

ಕಳುಹಿಸುವ ಕಂಪ್ಯೂಟರಿಗೆ ಲೈನು ಎಷ್ಟು ದೊಡ್ಡದೆಂದು ಗೊತ್ತಿರುವುದಿಲ್ಲ. ಅದು ಸಾಮಾನ್ಯವಾಗಿ ವೇಗ ಹೆಚ್ಚಿಸುತ್ತ ಹೋಗುತ್ತದೆ. ಪ್ಯಾಕೆಟ್ ಒಂದು ಕಳೆದುಹೋದಾಗ “ಓಹೋ, ದಾರಿ ತುಂಬಿದೆ” ಎಂದು ತಿಳಿದು ನಿಧಾನವಾಗುತ್ತದೆ. ಆದರೆ ಪ್ಯಾಕೆಟ್‌ಗಳನ್ನು ಕಾಯಿಸುವ ಜಾಗ, ಅಂದರೆ ಬಫರ್, ಬಹಳ ದೊಡ್ಡದಿದ್ದರೆ ಏನಾಗುತ್ತದೆ? ಪ್ಯಾಕೆಟ್ ಬೇಗ ಕಳೆದುಹೋಗುವುದಿಲ್ಲ. ಎಚ್ಚರಿಕೆಯೂ ಸಿಗುವುದಿಲ್ಲ. ಸಾಲು ಉದ್ದವಾಗುತ್ತಲೇ ಹೋಗುತ್ತದೆ! ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯಲ್ಲೇ ಈ ತೊಂದರೆಯನ್ನು ಗುರುತಿಸಿದರು. ಇದಕ್ಕೆ ‘ಬಫರ್‌ಬ್ಲೋಟ್’, ಅಂದರೆ ಬಫರಿನ ಹೊಟ್ಟೆಯುಬ್ಬರ, ಎಂಬ ಹೆಸರು ಬಂತು.

ಮಾಡಿ ನೋಡಿ

30 ಕೆಂಪು ಚೀಟಿ, 3 ನೀಲಿ ಚೀಟಿ ಮಾಡಿಕೊಳ್ಳಿ. ಕೆಂಪು ಚೀಟಿಗಳು ವಿಡಿಯೊ, ನೀಲಿ ಚೀಟಿಗಳು ಮಾತು. ಒಬ್ಬರು ಬಾಗಿಲು ಕಾಯಲಿ. ಒಂದು ಚಪ್ಪಾಳೆಗೆ ಒಂದೇ ಚೀಟಿಯನ್ನು ಹೊರಗೆ ಬಿಡಲಿ.

ಮೊದಲ ಸಲ ಕೆಂಪು ಚೀಟಿಗಳನ್ನು ಮುಂದೆ, ನೀಲಿ ಚೀಟಿಗಳನ್ನು ಹಿಂದೆ ಇಡಿ. ನೀಲಿ ಚೀಟಿಗಳು 31, 32 ಮತ್ತು 33ನೇ ಚಪ್ಪಾಳೆಗೆ ಹೊರಬರುತ್ತವೆ.

ಎರಡನೇ ಸಲ ಎರಡು ಸಾಲು ಮಾಡಿ. ಒಂದು ಕೆಂಪು, ಒಂದು ನೀಲಿ, ಹೀಗೆ ಸರದಿಯಂತೆ ಬಿಡಿ. ಈಗ 6ನೇ ಚಪ್ಪಾಳೆಗೇ ಮೂರೂ ನೀಲಿ ಚೀಟಿಗಳು ಹೊರಬಂದಿರುತ್ತವೆ. ಕೊನೆಯ ಕೆಂಪು ಚೀಟಿ 30ರ ಬದಲು 33ನೇ ಚಪ್ಪಾಳೆಗೆ ಹೊರಬರುತ್ತದೆ.

ಗಮನಿಸಿದಿರಾ? ಬಾಗಿಲು ಅಗಲವಾಗಲಿಲ್ಲ. ಕೆಂಪಿಗೆ ಆದ ನಷ್ಟ ಮೂರೇ ಚಪ್ಪಾಳೆ. ನೀಲಿಗೆ ಆದ ಲಾಭ ಎಷ್ಟು ದೊಡ್ಡದು! ಇಂಥ ಸರದಿಯ ಉಪಾಯವನ್ನು ಜಾನ್ ನೇಗಲ್ ಎಂಬುವರು 1985ರಲ್ಲೇ ಸೂಚಿಸಿದ್ದರು.

ಲಿನಕ್ಸ್ ಏನು ಮಾಡುತ್ತದೆ?

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ‘ಟಿಸಿ’ ಎಂಬ ಆದೇಶವಿದೆ. ಶಾಲೆ ಬಿಡುವಾಗ ಕೊಡುವ ಟಿ.ಸಿ. ಅಲ್ಲ! ಇದು ‘ಟ್ರಾಫಿಕ್ ಕಂಟ್ರೋಲ್’, ಅಂದರೆ ಸಂಚಾರ ನಿಯಂತ್ರಣ.

ಮೊದಲು ಸಾಲು ರೂಟರಿನ ಕೈಯಲ್ಲಿರಬೇಕು. ಅದು ಮುಂದಿನ ಮೋಡೆಮ್ಮಿನಲ್ಲಿ ಬೆಳೆದರೆ ರೂಟರ್ ಏನೂ ಮಾಡಲಾಗದು. ಆದ್ದರಿಂದ ಲೈನಿನ ವೇಗ 10 ಲಕ್ಷ ಬಿಟ್ ಇದ್ದರೆ ರೂಟರಿಗೆ 9 ಲಕ್ಷವೆಂದು ಹೇಳಿಡುತ್ತಾರೆ. ಆ ವೇಗದಲ್ಲಿ ಒಂದು ಡಬ್ಬಿಗೆ ಬಿಲ್ಲೆಗಳು ಬೀಳುತ್ತಿವೆ ಎಂದು ಊಹಿಸಿಕೊಳ್ಳಿ. ಬಿಲ್ಲೆ ಕೊಟ್ಟರೆ ಮಾತ್ರ ಪ್ಯಾಕೆಟ್ ಹೊರಗೆ ಹೋಗಬಹುದು. ಇಲ್ಲದಿದ್ದರೆ ಕಾಯಬೇಕು. ಇದೇ ‘ಟ್ರಾಫಿಕ್ ಶೇಪಿಂಗ್’. ಸ್ವಲ್ಪ ವೇಗ ಬಿಟ್ಟುಕೊಟ್ಟು ಸಾಲಿನ ಯಜಮಾನಿಕೆ ಪಡೆಯುವ ಜಾಣತನ!

ಆಮೇಲೆ ಸಾಲುಗಳನ್ನು ಬೇರ್ಪಡಿಸಿ ಸರದಿಯಂತೆ ಬಿಡುವುದು. ಕೊನೆಗೆ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತೆಂದು ಅಳೆಯುವುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಈ ವಿಧಾನವನ್ನು ಪ್ರಕಟಿಸಿದರು. ಕಾಯುವ ಸಮಯ 100 ಮಿಲಿಸೆಕೆಂಡುಗಳ ಉದ್ದಕ್ಕೂ 5 ಮಿಲಿಸೆಕೆಂಡಿಗಿಂತ ಹೆಚ್ಚೇ ಇದ್ದರೆ ಒಂದು ಪ್ಯಾಕೆಟನ್ನು ಬೇಕೆಂದೇ ಬಿಸಾಡಲಾಗುತ್ತದೆ. ಕಳುಹಿಸುವ ಕಂಪ್ಯೂಟರ್ ಎಚ್ಚೆತ್ತು ನಿಧಾನವಾಗುತ್ತದೆ. ಬಿಸಾಡಿದ್ದನ್ನು ಮತ್ತೆ ಕಳುಹಿಸುತ್ತದೆ. ಸರದಿ ಮತ್ತು ಈ ಅಳತೆ ಎರಡನ್ನೂ ಸೇರಿಸಿದ ವಿಧಾನ ಅದೇ ವರ್ಷ ಲಿನಕ್ಸ್‌ಗೆ ಬಂತು.

ಲೈನು ನಿಜವಾಗಿ ಚಿಕ್ಕದಾಗಿದ್ದರೆ ದೊಡ್ಡ ಲೈನು ಬೇಕೇ ಬೇಕು. ನಾಲ್ಕೂ ಕಂಪ್ಯೂಟರುಗಳಲ್ಲಿ ವಿಡಿಯೊ ಓಡಿದರೆ ಯಾವ ಸರದಿಯೂ ಬಿಟ್‌ಗಳನ್ನು ಹುಟ್ಟಿಸಲಾರದು. ಆದರೆ ಒಬ್ಬರ ದೊಡ್ಡ ಕೆಲಸದಿಂದ ಇನ್ನೊಬ್ಬರ ಚಿಕ್ಕ ಪ್ರಶ್ನೆ ನಿಂತುಹೋಗಬೇಕಾಗಿಲ್ಲ.

ಪರೀಕ್ಷಿಸಿ

ನಿಮ್ಮ ಶಾಲೆಯಲ್ಲಿ ಇಂಟರ್‌ನೆಟ್ ಇದ್ದರೆ ಶಿಕ್ಷಕರ ಸಹಾಯದಿಂದ ‘ಪಿಂಗ್’ ಆದೇಶ ಕೊಡಿ. ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳಿ. ಇನ್ನೊಂದು ಕಂಪ್ಯೂಟರಿನಿಂದ ದೊಡ್ಡ ಕಡತ ಕಳುಹಿಸುತ್ತಿರುವಾಗ ಮತ್ತೊಮ್ಮೆ ಅಳೆಯಿರಿ. ಎರಡಕ್ಕೂ ಬಹಳ ವ್ಯತ್ಯಾಸವಿದ್ದರೆ, ಸಾಲು ಎಲ್ಲಿ ಬೆಳೆಯುತ್ತಿರಬಹುದು? ಯೋಚಿಸಿ.