ಕಾವಲು ಎಂದರೆ ಖಾಲಿ ನೆಲವಲ್ಲ

ದಾವಣಗೆರೆ ಜಿಲ್ಲೆಯೆಂದರೆ ನಮ್ಮ ಕಣ್ಣೆದುರು ಬರುವುದು ಹತ್ತಿಗಿರಣಿಗಳ ಹಳೆಯ ನೆನಪು, ಭದ್ರಾ ನಾಲೆಯ ಭತ್ತ, ಚನ್ನಗಿರಿಯ ಅಡಿಕೆ, ಜಗಳೂರಿನ ಬರ. ವನ್ಯಜೀವಿಗಳ ಮಾತು ಬಂದಾಗ ಈ ಜಿಲ್ಲೆಯ ಹೆಸರನ್ನು ಎತ್ತುವವರು ಕಡಿಮೆ. ಆದರೂ ದೇಶದಲ್ಲಿಯೇ ಅಪರೂಪವಾದ ಒಂದು ವನ್ಯಧಾಮ ಇರುವುದು ಇಲ್ಲಿಯೇ, ಅದರಲ್ಲೂ ಬರಪೀಡಿತವೆಂದು ಖ್ಯಾತವಾದ ಜಗಳೂರು ತಾಲ್ಲೂಕಿನಲ್ಲಿ. 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗ ವನ್ಯಧಾಮದ ವಿಸ್ತೀರ್ಣ ಸುಮಾರು 77 ಚದರ ಕಿಲೊಮೀಟರ್. ಅದು ಹುಲಿಗಾಗಿ ಅಥವಾ ಆನೆಗಾಗಿ ಮೀಸಲಾದುದಲ್ಲ, ಕೊಂಡುಕುರಿಗಾಗಿ ಮೀಸಲಾದುದು.

ಕೊಂಡುಕುರಿ ಹೆಸರಿನಲ್ಲಿ ಕುರಿಯಿದ್ದರೂ ಕುರಿಯಲ್ಲ. ಅದು ಜಿಂಕೆಯೂ ಅಲ್ಲ. ನೀಲಗಾಯಿಯ ಬಳಗಕ್ಕೆ ಹತ್ತಿರವಾದ, ನಾಲ್ಕು ಕೊಂಬುಗಳ ಪುಟ್ಟ ಪ್ರಾಣಿ. ಕಿವಿಗಳ ನಡುವೆ ಉದ್ದನೆಯ ಒಂದು ಜೊತೆ, ಹಣೆಯ ಮೇಲೆ ಮೊಳಕೆಯಂತಹ ಇನ್ನೊಂದು ಜೊತೆ. ಅದೂ ಗಂಡಿಗೆ ಮಾತ್ರ. ಎತ್ತರ ಎರಡು ಅಡಿಯ ಆಸುಪಾಸು, ತೂಕ 20 ಕಿಲೊ. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದಿಲ್ಲ. ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನ ಮರೆಯಲ್ಲಿ ಬದುಕುತ್ತದೆ. ಅಪಾಯ ಕಂಡರೆ ಮೊದಲು ಕದಲದೆ ನಿಲ್ಲುತ್ತದೆ. ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಅದರ ರೂಢಿ. ಅರಣ್ಯ ಸಿಬ್ಬಂದಿ ಪ್ರಾಣಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಆ ಹಿಕ್ಕೆಯ ಗುಪ್ಪೆಗಳನ್ನೇ ನೋಡಿ ಅದರ ಇರವನ್ನು ಅರಿಯುತ್ತಾರೆ. ಅಷ್ಟು ಸಂಕೋಚದ ಜೀವಿ. ಜೊತೆಗೆ, ಅದಕ್ಕೆ ಆಗಾಗ ನೀರು ಬೇಕು. ಬರದ ತಾಲ್ಲೂಕಿನಲ್ಲಿ ನೀರಿನ ಹಂಗಿನ ಪ್ರಾಣಿಯೊಂದು ಉಳಿದುಕೊಂಡಿದೆ ಎಂಬುದೇ ಒಂದು ಸೋಜಿಗ.

ಅದು ಉಳಿದದ್ದು ದಟ್ಟ ಕಾಡಿನಿಂದಲ್ಲ. ರಂಗಯ್ಯನದುರ್ಗದ ಸುತ್ತಲಿನದು ಎಲೆಯುದುರುವ ಒಣ ಕಾಡು, ಜಾಲಿ, ಕಾರೆ, ತಂಗಡಿಗಳ ಕುರುಚಲು, ಕಲ್ಲುಗುಡ್ಡ, ಅವುಗಳ ನಡುವೆ ಹುಲ್ಲು. ಕರಡಿ, ಚಿರತೆ, ತೋಳ, ನರಿ, ಮೊಲ, ನವಿಲುಗಳೂ ಇಂತಹ ನೆಲವನ್ನೇ ನೆಚ್ಚಿಕೊಂಡಿವೆ. ಬೇಸಿಗೆಯಲ್ಲಿ ನೋಡಿದವರಿಗೆ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಕಂದಾಯದ ಭಾಷೆಯಲ್ಲಿ ಇಂತಹ ನೆಲಕ್ಕೆ ಅಂಟಿಕೊಂಡ ಹೆಸರುಗಳೂ ಹಾಗೆಯೇ ಇವೆ: ಪಾಳು, ಖರಾಬು, ಬಂಜರು. ನಮ್ಮ ತೊಂದರೆಗಳೆಲ್ಲ ಈ ಹೆಸರುಗಳಿಂದಲೇ ಆರಂಭವಾಗುತ್ತವೆ.

ಹಿಂದಿನವರು ಈ ನೆಲವನ್ನು ಬೇರೆ ಹೆಸರಿನಿಂದ ಕರೆದಿದ್ದರು. ಅದು ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯೇ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು 'ಅಮೃತ ಮಹಲ್' ಆಯಿತು. ಈಗಿನ ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನ ಮೊದಲಾದ ಜಿಲ್ಲೆಗಳ ಬಯಲುಸೀಮೆಯಲ್ಲಿ ಹುಲ್ಲುಗಾವಲುಗಳನ್ನು ದನಗಳಿಗಾಗಿ ಕಾಯ್ದಿಡಲಾಯಿತು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. ಒಂದು ಕಡೆ ಮೇಯ್ದ ದನಗಳು ಋತು ಬದಲಾದಾಗ ಇನ್ನೊಂದೆಡೆಗೆ ಹೋಗುತ್ತಿದ್ದವು. ಮೇಯ್ದ ನೆಲಕ್ಕೆ ವಿಶ್ರಾಂತಿ ಸಿಗುತ್ತಿತ್ತು. ಆ ಬಿಡುವಿನಲ್ಲಿ ಹುಲ್ಲು ಬೆಳೆಯಿತು. ಹುಲ್ಲಿನ ಜೊತೆ ಕೃಷ್ಣಮೃಗ, ತೋಳ, ಎರೆಭೂತ ಹಕ್ಕಿಗಳೂ ಬೆಳೆದವು. ರಾಜ್ಯ ಕಾಯ್ದದ್ದು ದನವನ್ನು. ಉಳಿದದ್ದು ಒಂದು ಜೀವಲೋಕವೇ.

ಆ ವ್ಯವಸ್ಥೆ ಸಡಿಲವಾದಂತೆ ಕಾವಲು 'ಖಾಲಿ ಜಾಗ'ವಾಯಿತು. ಖಾಲಿ ಜಾಗವನ್ನು ತುಂಬಬೇಕೆಂಬ ಉತ್ಸಾಹ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿಯ ರಾಣೆಬೆನ್ನೂರಿನಲ್ಲಿ 1974ರಲ್ಲಿ, ಸುಮಾರು 119 ಚದರ ಕಿಲೊಮೀಟರ್ ವಿಸ್ತಾರದಲ್ಲಿ, ಕೃಷ್ಣಮೃಗ ವನ್ಯಧಾಮ ಸ್ಥಾಪಿತವಾಯಿತು. ಎರೆಭೂತವೂ ಅಲ್ಲಿ ನೆಲೆಸಿತ್ತು. ಆದರೆ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಗಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ತೆರೆದ ಬಯಲಿಲ್ಲದೆ ಬದುಕಲಾರದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ಇಂದು ರಾಜ್ಯದಲ್ಲಿ ಅದರ ಕೊನೆಯ ಆಸರೆಯೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಮರ ನೆಟ್ಟರೂ ಒಂದು ಜೀವಸಂಕುಲ ಅಳಿಯಬಹುದು ಎಂಬ ಪಾಠವನ್ನು ನಾವು ಇನ್ನೂ ಪೂರ್ತಿ ಕಲಿತಂತಿಲ್ಲ. ಜಗಳೂರಿಗೆ ನೆರೆಯಾದ ಚಳ್ಳಕೆರೆಯಲ್ಲಿ ದೊಡ್ಡ ಉಳ್ಳಾರ್ತಿ, ಖುದಾಪುರದ ಸುತ್ತಲಿನ ಸುಮಾರು 10 ಸಾವಿರ ಎಕರೆ ಕಾವಲನ್ನು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಗೋಡೆಗಳು ಎದ್ದ ಮೇಲೆ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿ ಮೇವು ಕಳೆದುಕೊಂಡದ್ದು ಕಾಡುಪ್ರಾಣಿ ಮಾತ್ರವಲ್ಲ, ಕುರಿಗಾಹಿಯ ಹಿಂಡು ಮತ್ತು ಮ್ಯಾಸನಾಯಕರ ದೇವರ ಎತ್ತುಗಳೂ ಕೂಡ.

ನೆಲದ ಸ್ವರೂಪ ಬದಲಾದಾಗ ಪ್ರಾಣಿಗಳು ಅಳಿಯುತ್ತವೆ, ಇಲ್ಲವೇ ಊರಿಗೆ ಬರುತ್ತವೆ. ಎರಡನೆಯದಕ್ಕೆ ಉದಾಹರಣೆಯನ್ನು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ನೋಡಬಹುದು. ಚನ್ನಗಿರಿಯ ಉಬ್ರಾಣಿ ಭಾಗದ ಕಾಡುಗಳು ಭದ್ರಾ ಹುಲಿ ಸಂರಕ್ಷಿತ ಪ್ರದೇಶದತ್ತ ಚಾಚಿಕೊಂಡಿವೆ. ನಾಲೆಯ ನೀರು, ಕೊಳವೆಬಾವಿ ಮತ್ತು ಅಡಿಕೆಯ ಬೆಲೆ ಸೇರಿ ತಾಲ್ಲೂಕಿನ ಬಯಲನ್ನು ತೋಟವಾಗಿಸಿವೆ. ಕಾಡಿನ ಅಂಚಿನವರೆಗೂ ಬಾಳೆ, ಅಡಿಕೆ, ಮೆಕ್ಕೆಜೋಳ ಬಂದಿವೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ ಕಾಡಾನೆಯ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು. ಆನೆಯನ್ನು ಹಿಡಿಯುವ ಕಾರ್ಯಾಚರಣೆ ನ್ಯಾಮತಿ ತಾಲ್ಲೂಕಿನವರೆಗೂ ಸಾಗಿತು. ಅರಿವಳಿಕೆ ನೀಡಲು ಹೋದ ವನ್ಯಜೀವಿ ವೈದ್ಯರು ಆನೆಯ ದಾಳಿಯಲ್ಲಿ ತೀವ್ರವಾಗಿ ಗಾಯಗೊಂಡರು. ಹೊನ್ನಾಳಿ ಮತ್ತು ನ್ಯಾಮತಿಯ ಗುಡ್ಡದಂಚಿನ ಹಳ್ಳಿಗಳಲ್ಲಿ ಚಿರತೆಯ ಭಯ ಹೊಸದೇನಲ್ಲ. ಆಳೆತ್ತರದ ಮೆಕ್ಕೆಜೋಳದ ಹೊಲ ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆ. ಊರ ನಾಯಿ ಅದಕ್ಕೆ ಸುಲಭದ ಬೇಟೆ.

ಸಂಜೆಯ ಹೊತ್ತು ಹೊಲದಿಂದ ಒಬ್ಬಳೇ ಮರಳುವ ಕೂಲಿ ಹೆಣ್ಣುಮಗಳಿಗೆ ವನ್ಯಜೀವಿ ಸಂರಕ್ಷಣೆಯ ಉಪದೇಶ ಮಾಡುವುದು ಸಲ್ಲದು. ಸಂರಕ್ಷಣೆಯ ಬೆಲೆಯನ್ನು ಆಕೆಯೊಬ್ಬಳೇ ತೆರಬೇಕೆನ್ನುವುದು ನ್ಯಾಯವೂ ಅಲ್ಲ. ಆದರೆ ಬೋನು ಇಟ್ಟು ಚಿರತೆಯನ್ನು ಹಿಡಿದು ಮತ್ತೆಲ್ಲಿಯೋ ಬಿಡುವುದರಿಂದ ಆಕೆಯ ದಾರಿ ಸುರಕ್ಷಿತವಾಗುತ್ತದೆಯೇ? ಒಂದು ಚಿರತೆ ತೆರವು ಮಾಡಿದ ನೆಲೆಗೆ ಇನ್ನೊಂದು ಬರುತ್ತದೆ. ಹೊಸ ಜಾಗದಲ್ಲಿ ಬಿಟ್ಟ ಚಿರತೆ ಅಲ್ಲಿಯ ಊರಿಗೆ ಹೊಸ ತೊಡಕಾಗುತ್ತದೆ. ಊರು ಮತ್ತು ಕಾಡಿನ ನಡುವೆ ಇದ್ದ ಗೋಮಾಳ, ಹುಲ್ಲುಬನ್ನಿ, ಕುರುಚಲುಗಳು ಕರಗಿದ್ದರಿಂದಲೇ ಎರಡೂ ಮುಖಾಮುಖಿಯಾಗಿವೆ. ನಡುವಣ ನೆಲವೇ ನಮ್ಮೆಲ್ಲರ ನಿಜವಾದ ಬೇಲಿಯಾಗಿತ್ತು.

ಈ ದೃಷ್ಟಿಯಿಂದ ಜಗಳೂರು ಈಗ ಒಂದು ತಿರುವಿನಲ್ಲಿ ನಿಂತಿದೆ. ತುಂಗಭದ್ರೆಯ ನೀರನ್ನು ಮೇಲೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯ ವ್ಯಾಪ್ತಿಗೂ ಈ ತಾಲ್ಲೂಕು ಸೇರಿದೆ. ತಲೆಮಾರುಗಳಿಂದ ಆಕಾಶ ನೋಡಿ ಬದುಕಿದ ರೈತರಿಗೆ ಆ ನೀರು ಸಿಗಲೇಬೇಕು. ಅದಕ್ಕೆ ಯಾರೂ ಅಡ್ಡಮಾತು ಆಡಬಾರದು. ಆದರೆ ನೀರು ಬಂದಲ್ಲಿ ನೆಲದ ಬೆಲೆ ಏರುತ್ತದೆ, ತೋಟ ಬರುತ್ತದೆ, ತಂತಿಬೇಲಿ ಬರುತ್ತದೆ. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಕಲ್ಲುಬೋರೆಯೂ ನಾಳೆ ಒತ್ತುವರಿಯಾಗುತ್ತದೆ. ಚನ್ನಗಿರಿ ನಡೆದ ದಾರಿಯಲ್ಲಿಯೇ ಜಗಳೂರೂ ನಡೆಯುವುದಾದರೆ, 77 ಚದರ ಕಿಲೊಮೀಟರಿನ ವನ್ಯಧಾಮ ತೋಟಗಳ ನಡುವಿನ ದ್ವೀಪವಾಗುತ್ತದೆ. ಕೊಂಡುಕುರಿಯಂತಹ ಒಂಟಿ ಜೀವಿಗೆ ದ್ವೀಪವೆಂದರೆ ನಿಧಾನದ ಸಾವು. ಕರಡಿ ಮತ್ತು ಚಿರತೆಗಳಾದರೋ ದ್ವೀಪದೊಳಗೆ ಕುಳಿತಿರುವುದಿಲ್ಲ.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವಲ್ಲ. ಮೊದಲನೆಯದಾಗಿ, ಜಿಲ್ಲೆಯಲ್ಲಿ ಉಳಿದಿರುವ ಕಾವಲು, ಗೋಮಾಳ, ಕುರುಚಲು ಗುಡ್ಡಗಳನ್ನು ಸಮೀಕ್ಷೆ ಮಾಡಿ, 'ಪಾಳು' ಎಂಬ ಪಟ್ಟಿಯಿಂದ ಹೊರತಂದು, ಮೇವಿನ ಹಾಗೂ ವನ್ಯಜೀವಿಯ ನೆಲವೆಂದು ದಾಖಲಿಸಬೇಕು. ಎರಡನೆಯದಾಗಿ, ವನ್ಯಧಾಮದ ಕಠಿಣ ಕಟ್ಟಳೆ ಎಲ್ಲೆಡೆಯೂ ಬೇಕಾಗಿಲ್ಲ. 2002ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಸಂರಕ್ಷಣಾ ಮೀಸಲು' ಎಂಬ ಸೌಮ್ಯ ವಿಧಾನವಿದೆ. ಸ್ಥಳೀಯರೊಡನೆ ಸಮಾಲೋಚಿಸಿ ಸರ್ಕಾರಿ ನೆಲವನ್ನು ಹಾಗೆ ಘೋಷಿಸಬಹುದು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಮೀಸಲು ಹೀಗೆಯೇ ಆಯಿತು. ಕಡೂರಿನ ಬಾಸೂರು ಅಮೃತ ಮಹಲ್ ಕಾವಲಿಗೂ ಅದೇ ರಕ್ಷಣೆ ದೊರೆತಿದೆ. ಮೂರನೆಯದಾಗಿ, ಹುಲ್ಲಿನ ನೆಲದಲ್ಲಿ ನೀಲಗಿರಿ, ಅಕೇಶಿಯಾ ನೆಡುವ 'ಹಸಿರೀಕರಣ' ನಿಲ್ಲಬೇಕು. ಕೆರೆ ತುಂಬಿಸುವ ನೀರಿನಲ್ಲಿ ಕಾಡಂಚಿನ ಕಟ್ಟೆ, ಗೋಕಟ್ಟೆಗಳಿಗೂ ಒಂದು ಪಾಲಿರಲಿ; ಕಾಡಿನೊಳಗೆ ನೀರು ಸಿಕ್ಕಿದ ಪ್ರಾಣಿ ತೋಟದ ತೊಟ್ಟಿಯತ್ತ ಬರುವುದು ಕಡಿಮೆಯಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕುರಿಗಾಹಿಗಳನ್ನೂ ದನಗಾಹಿಗಳನ್ನೂ ಶತ್ರುಗಳೆಂದು ಕಾಣದಿರುವುದು. ಬೇಲಿ ಹಾಕಿ ಅವರನ್ನು ಹೊರಗಟ್ಟಿದ ನೆಲ ಪ್ರಾಣಿಗಳಿಗೆ ಉಳಿದ ಉದಾಹರಣೆಗಿಂತ, ಕಾರ್ಖಾನೆಗೋ ನಿವೇಶನಕ್ಕೋ ಹೋದ ಉದಾಹರಣೆಗಳೇ ಹೆಚ್ಚು. ಕಾವಲಿನ ಪರವಾಗಿ ಮಾತನಾಡಲು ಕೊಂಡುಕುರಿಗೆ ಬಾಯಿಲ್ಲ. ಮೇಯಿಸುವವನಿಗಿದೆ. ಅವನ ಹಕ್ಕು ಉಳಿದರೆ ಅದರ ನೆಲೆಯೂ ಉಳಿಯುತ್ತದೆ. ಹಾಗೆಯೇ ತೋಳ ಕೊಂದ ಕುರಿಗೆ, ಆನೆ ತುಳಿದ ತೋಟಕ್ಕೆ ಪರಿಹಾರ ತಿಂಗಳುಗಟ್ಟಲೆ ಕಾಯಿಸದೆ ಕೈಸೇರಬೇಕು. ತಡವಾದ ಪರಿಹಾರ ಉರುಳಿಗೂ ವಿಷಕ್ಕೂ ದಾರಿ ಮಾಡಿಕೊಡುತ್ತದೆ.

'ಕಾವಲು' ಎಂಬ ಪದಕ್ಕೆ ಕಾಯುವುದು ಎಂಬುದೇ ಅರ್ಥ. ದನಕ್ಕಾಗಿ ಹುಲ್ಲು ಕಾಯ್ದ ಹಿಂದಿನವರಿಂದಾಗಿ ಇಷ್ಟಾದರೂ ಜೀವಸಂಪತ್ತು ನಮ್ಮ ಕೈಗೆ ಬಂದಿದೆ. ಜಗಳೂರಿನ ಕೆರೆಗಳಿಗೆ ನೀರು ಹರಿಯುತ್ತಿರುವ ಈ ಹೊತ್ತಿನಲ್ಲಿಯೇ ಕಾಯುವ ನೆಲ ಯಾವುದು, ಉಳುವ ನೆಲ ಯಾವುದು ಎಂಬ ಗಡಿಕಲ್ಲು ನೆಡಬೇಕು. ತೋಟ ಎದ್ದ ಮೇಲೆ ಆ ಕೆಲಸ ಯಾವ ಸರ್ಕಾರದಿಂದಲೂ ಆಗದು.