ತಾಮ್ರದ ಹಂಡೆಗೆ ಬೆಸುಗೆ: ಲೋಹ ಯಾವುದು, ಜ್ವಾಲೆ ಯಾವುದು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳಲ್ಲಿ ತಾಮ್ರದ ಹಂಡೆಯೂ ನೀರಿನ ತೊಟ್ಟಿಯೂ ತಲೆಮಾರುಗಳಿಂದ ಬಂದ ಆಸ್ತಿ. ತಾಮ್ರ ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿಯೇ ನಡೆದಿತ್ತು. ಇಂಥ ಪಾತ್ರೆಯ ಸಂದು ಸೋರತೊಡಗಿದೊಡನೆ ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಮನೆಯಲ್ಲಿ ಪುಟ್ಟ ಕಾರ್ಯಾಗಾರವನ್ನು ಇಟ್ಟುಕೊಂಡವರು ತಾವೇ ಬೆಸೆಯಬಹುದು. ಆದರೆ ಬೆಸುಗೆಯ ಲೋಹವನ್ನೂ ಜ್ವಾಲೆಯನ್ನೂ ವಿವೇಚನೆಯಿಂದ ಆರಿಸಿಕೊಳ್ಳಬೇಕು.

ಲೋಹದ ಆಯ್ಕೆ

ಪೇಟೆಯಲ್ಲಿ ಸುಲಭವಾಗಿ ದೊರೆಯುವ ಬೆಸುಗೆಯಲ್ಲಿ ತವರದೊಡನೆ ಸೀಸ ಬೆರೆತಿರುತ್ತದೆ. ಇದು 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುವುದರಿಂದ ಕೆಲಸ ಸುಲಭ. ಆದರೆ ಸೀಸ ವಿಷ. ಎಳೆಯ ಮಕ್ಕಳ ಮಿದುಳಿಗೆ ಅದು ಅಲ್ಪ ಪ್ರಮಾಣದಲ್ಲೂ ಹಾನಿಕರ. ಆದುದರಿಂದ ಕುಡಿಯುವ ನೀರಿನ ಪಾತ್ರೆಗೆ ಸೀಸರಹಿತ ಬೆಸುಗೆಯನ್ನೇ ಬಳಸಬೇಕು. ತವರಕ್ಕೆ ಶೇಕಡಾ 3.5ರಷ್ಟು ಬೆಳ್ಳಿ ಬೆರೆತ ಬೆಸುಗೆ 221 ಡಿಗ್ರಿಯಲ್ಲಿ ಕರಗುತ್ತದೆ.

ಒಲೆಯ ಮೇಲಿಡುವ ಹಂಡೆಯ ಮಾತು ಬೇರೆ. ನೀರಿರುವವರೆಗೆ ತಾಮ್ರದ ಕಾವು ನೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಬತ್ತಿ ಉರಿ ಮುಂದುವರಿದರೆ ತವರದ ಬೆಸುಗೆ ಕರಗಿ ಸಂದು ಬಿಚ್ಚುತ್ತದೆ. ಇಂಥ ಹಂಡೆಗೆ 700 ಡಿಗ್ರಿಗೂ ಮೇಲೆ ಕರಗುವ ತಾಮ್ರ-ರಂಜಕದ ಕಡ್ಡಿಯ ಬೆಸುಗೆಯೇ ತಕ್ಕದ್ದು. ಆ ಕೆಲಸವನ್ನು ನುರಿತವರಿಗೆ ಒಪ್ಪಿಸುವುದು ಲೇಸು.

ಜ್ವಾಲೆಯ ಆಯ್ಕೆ

ತಾಮ್ರವು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒಂದೆಡೆ ಕೊಟ್ಟ ಕಾವು ಇಡೀ ಪಾತ್ರೆಗೆ ಹರಡಿಬಿಡುವುದರಿಂದ ಕಿರುಜ್ವಾಲೆಯ ಟಾರ್ಚು ದೊಡ್ಡ ತೊಟ್ಟಿಗೆ ಸಾಲದು. ಅಗಲವಾದ, ಮೃದುವಾದ ಜ್ವಾಲೆಯ ಗ್ಯಾಸ್ ಟಾರ್ಚಾಗಲಿ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಆಗಲಿ ಸಾಕು. ಆಕ್ಸಿಜನ್-ಅಸಿಟಿಲೀನ್ ಜ್ವಾಲೆಯ ಉಷ್ಣತೆ 3000 ಡಿಗ್ರಿಯನ್ನು ಮೀರುತ್ತದೆ. ತಾಮ್ರವೋ 1085 ಡಿಗ್ರಿಯಲ್ಲಿಯೇ ಕರಗುತ್ತದೆ. ಅನುಭವವಿಲ್ಲದ ಕೈಯಲ್ಲಿ ತೆಳುತಗಡು ತೂತಾದೀತು.

ಬೆಸೆಯುವ ಕ್ರಮ

ನಮ್ಮ ಕೊಳವೆಬಾವಿಗಳ ಗಡಸು ನೀರು ಒಳಗೆ ಸುಣ್ಣದ ಹಕ್ಕಳೆಯನ್ನು ಕಟ್ಟುತ್ತದೆ. ಅದನ್ನು ಹುಣಸೆಹಣ್ಣಿನಿಂದ ಉಜ್ಜಿ ತೆಗೆದು, ಸಂದನ್ನು ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿ, ಚೆನ್ನಾಗಿ ಒಣಗಿಸಿ, ಫ್ಲಕ್ಸ್ ಸವರಬೇಕು. ಜ್ವಾಲೆಯನ್ನು ಬೆಸುಗೆಯ ತಂತಿಗೆ ಹಿಡಿಯದೆ ತಾಮ್ರಕ್ಕೆ ಹಿಡಿದು ಆಡಿಸುತ್ತಿರಬೇಕು. ಕಾದ ತಾಮ್ರಕ್ಕೆ ಮುಟ್ಟಿಸಿದ ತಂತಿ ತಾನೇ ಕರಗಿ ಸಂದಿನೊಳಕ್ಕೆ ಹರಿಯುವುದು. ತಣಿದ ಮೇಲೆ ಉಳಿದ ಫ್ಲಕ್ಸನ್ನು ಬಿಸಿನೀರಿನಿಂದ ತೊಳೆಯದಿದ್ದರೆ ಅದೇ ತಾಮ್ರವನ್ನು ತಿನ್ನುತ್ತದೆ.

ಮುಚ್ಚಿದ ತೊಟ್ಟಿಯನ್ನು ಎಂದಿಗೂ ಕಾಯಿಸಬಾರದು. ಒಳಗಿನ ಹಬೆ ಅದನ್ನು ಸಿಡಿಸಬಲ್ಲದು. ಬಾಯನ್ನು ತೆರೆದಿಟ್ಟು, ಗಾಳಿಯಾಡುವ ಬಯಲಿನಲ್ಲಿ, ಮಕ್ಕಳನ್ನು ದೂರವಿರಿಸಿ ಕೆಲಸ ಮಾಡಬೇಕು. ಹಿರಿಯರು ಬಿಟ್ಟುಹೋದ ಪಾತ್ರೆ ಉಳಿಯುವುದು ಸಂತೋಷವೇ. ಅದರ ನೀರು ಮನೆಯ ಮಕ್ಕಳಿಗೆ ನಿರಪಾಯವಾಗಿರುವುದು ಅದಕ್ಕಿಂತ ಮುಖ್ಯ.