ಗಣಕಯಂತ್ರದ ನಾಡಿಯನ್ನು ಓಡಿಸುವ ಸಾಹಸ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಬೀದಿ - ಇವುಗಳಲ್ಲಿ ಯಾವುದೊಂದನ್ನಾದರೂ ಹೊಕ್ಕು ಬಂದಿರುವ ವಾಚಕರಿಗೆ ಹಳೆಯ ಲ್ಯಾಪ್‌ಟಾಪು ಮಾರುವ ಅಂಗಡಿಗಳ ಪರಿಚಯ ಇದ್ದೇ ಇರುತ್ತದೆ. ದೊಡ್ಡ ಕಚೇರಿಗಳು ಕೆಲವು ವರ್ಷ ದುಡಿಸಿಕೊಂಡು ಹೊರಹಾಕಿದ ಯಂತ್ರಗಳು ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಹಗಲೆಲ್ಲ ಹೋಟೆಲಿನ ಗಲ್ಲೆಯ ಮುಂದೆ ಕುಳಿತು ರಾತ್ರಿ ಕಾಲೇಜಿನ ಪಾಠ ಓದುವ ತರುಣನಿಗಾಗಲಿ, ಮಗಳ ಇಂಜಿನಿಯರಿಂಗ್ ಓದಿಗೆಂದು ಸಂಬಳದಲ್ಲಿ ನಾಲ್ಕು ಕಾಸು ಕೂಡಿಡುವ ಗುಮಾಸ್ತರಿಗಾಗಲಿ ಕೈಗೆಟುಕುವುದು ಇಂಥ ಯಂತ್ರವೇ. ತಂದು ಆರು ತಿಂಗಳಾಗುವಷ್ಟರಲ್ಲಿ ಅದು ನಿಧಾನವಾಯಿತೆಂಬ ಗೋಳು ಆರಂಭವಾಗುತ್ತದೆ. ಆಗ ಬಲ್ಲ ಮಿತ್ರರೊಬ್ಬರು ಕಿವಿಯಲ್ಲಿ ಊದುವ ಮಂತ್ರವೇ 'ಓವರ್‌ಕ್ಲಾಕಿಂಗ್'. ಒಂದು ಕಾಸಿನ ಖರ್ಚಿಲ್ಲದೆ ಯಂತ್ರದ ವೇಗ ಹೆಚ್ಚುವುದಾದರೆ ಬೇಡವೆನ್ನುವವರು ಯಾರು? ವೇಗ ನಿಜವಾಗಿಯೂ ಹೆಚ್ಚುತ್ತದೆಯೆ, ಹೆಚ್ಚಿದರೆ ಎಷ್ಟು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಮಗೆ ತೋರಿದೆ.

ಗಣಕಯಂತ್ರದ ಹೃದಯವೆನಿಸಿದ ಪ್ರೊಸೆಸರ್ ಒಂದು ಮಿಡಿತಕ್ಕೆ ತಕ್ಕಂತೆ ಹೆಜ್ಜೆಯಿಡುತ್ತದೆ. 2.7 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 270 ಕೋಟಿ ಮಿಡಿತ. ಈ ಸಂಖ್ಯೆ ಹುಟ್ಟುವುದು ಸರಳವಾದ ಗುಣಾಕಾರದಿಂದ: ಸೆಕೆಂಡಿಗೆ 10 ಕೋಟಿ ಸಲ ಮಿಡಿಯುವ ಮೂಲ ಗಡಿಯಾರವೊಂದಿರುತ್ತದೆ, ಅದನ್ನು 27ರಿಂದ ಗುಣಿಸಿದರೆ ಆಯಿತು. ಗುಣಕವನ್ನಾಗಲಿ ಮೂಲ ಮಿಡಿತವನ್ನಾಗಲಿ ತಯಾರಕರು ಗೊತ್ತುಮಾಡಿದ್ದಕ್ಕಿಂತ ಮೇಲಕ್ಕೇರಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಈ ವಿದ್ಯೆಗೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟದ್ದು 1998ರ ಆಗಸ್ಟ್ ತಿಂಗಳಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್. ಮೇಜಿನ ಮೇಲಿಡುವ ಗಣಕಯಂತ್ರಕ್ಕಾಗಿ ಮಾಡಿದ ಇದರ ಬೆಲೆ 149 ಡಾಲರ್. ಮೂಲ ಮಿಡಿತ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ಆದುದರಿಂದ ವೇಗ 300. ಮೂಲ ಮಿಡಿತವನ್ನು 66ರಿಂದ 100ಕ್ಕೆ ಏರಿಸಿದವರಿಗೆ ಅದು 450 ಮೆಗಾಹರ್ಟ್ಸ್ ವೇಗದಲ್ಲಿ ನಿರಾತಂಕವಾಗಿ ಓಡಿತು. ಎಷ್ಟೋ ಪಟ್ಟು ದುಬಾರಿಯಾದ ಪೆಂಟಿಯಮ್ 2ರ ಅಂದಿನ ಅತ್ಯುಚ್ಚ ವೇಗವೂ ಅದೇ 450! ಬಡವರ ಪ್ರೊಸೆಸರು ಸಿರಿವಂತರದರ ಜೊತೆಗೆ ಸರಿಸಮನಾಗಿ ಓಡಿದುದನ್ನು ಕಂಡು ಜನ ಹಿಗ್ಗಿದುದರಲ್ಲಿ ಆಶ್ಚರ್ಯವಿಲ್ಲ.

ಇದು ಸಾಧ್ಯವಾದುದು ಹೇಗೆ? ಚಿಕ್ಕಮಗಳೂರು, ಕೊಡಗಿನ ಕಡೆಯ ವಾಚಕರು ಕಾಫಿ ಬೀಜವನ್ನು ಜರಡಿ ಹಿಡಿದು ದರ್ಜೆ ಮಾಡುವುದನ್ನು ನೋಡಿರಬಹುದು. ಒಂದೇ ತೋಟದ ಬೀಜವಾದರೂ ಎಲ್ಲವೂ ಒಂದೇ ದರ್ಜೆಯದಲ್ಲ. ಪ್ರೊಸೆಸರುಗಳ ಕತೆಯೂ ಹಾಗೆಯೇ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ತುಣುಕುಗಳಲ್ಲಿ ಕೆಲವು ಚುರುಕು, ಕೆಲವು ಮಂದ. ಅವನ್ನು ಪರೀಕ್ಷಿಸಿ ಬೇರೆ ಬೇರೆ ವೇಗದ ಚೀಟಿ ಹಚ್ಚುತ್ತಾರೆ. ಅಗ್ಗದ ಮಾಲಿಗೇ ಗಿರಾಕಿಗಳು ಹೆಚ್ಚಾದಾಗ ಒಳ್ಳೆಯ ಬೀಜವೂ ಕೆಳದರ್ಜೆಯ ಚೀಲಕ್ಕೆ ಬೀಳುವುದುಂಟು. ಸೆಲೆರಾನ್ ಕೊಂಡವರಿಗೆ ಸಿಕ್ಕಿದ್ದು ಅಂಥ ಚೀಲ.

ಆದರೆ ಅದು ಅಂದಿನ ಮಾತು. 2004ರ ಅಕ್ಟೋಬರಿನಲ್ಲಿ, 4 ಗಿಗಾಹರ್ಟ್ಸಿನ ಪೆಂಟಿಯಮ್ 4 ತರುವೆವೆಂದು ಕೊಟ್ಟ ಮಾತನ್ನು ಇಂಟೆಲ್ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದರ ಮುಖ್ಯಾಧಿಕಾರಿ ಕ್ರೇಗ್ ಬ್ಯಾರೆಟ್ ಅಮೆರಿಕದ ಸಭೆಯೊಂದರಲ್ಲಿ ವೇದಿಕೆಯ ಮೇಲೆ ಮೊಣಕಾಲೂರಿ ಕ್ಷಮೆ ಬೇಡಿದರು. (ನಮ್ಮ ದೇಶದ ಯಜಮಾನರುಗಳಲ್ಲಿ ಈ ಪದ್ಧತಿ ಬಳಕೆಗೆ ಬಂದಂತಿಲ್ಲ.) ಆ ಪ್ರೊಸೆಸರಿಗೆ ಅಡ್ಡಿಯಾಗಿ ನಿಂತದ್ದು ಮುಖ್ಯವಾಗಿ ಶಾಖ. 2008ರ ತರುವಾಯ ತಯಾರಕರೇ 'ಟರ್ಬೋ' ಎಂಬ ಏರ್ಪಾಡನ್ನು ಪ್ರೊಸೆಸರಿನೊಳಗೇ ಇರಿಸಿದರು. ಶಾಖಕ್ಕೂ ವಿದ್ಯುತ್ತಿಗೂ ಅವಕಾಶವಿರುವಷ್ಟು ಕಾಲ ಅದು ತಾನಾಗಿಯೇ ವೇಗವಾಗಿ ಓಡುತ್ತದೆ. ಅಂದರೆ ಹಿಂದೆ ಕೊಂಡವರ ಪಾಲಿಗೆ ಉಳಿಯುತ್ತಿದ್ದ ಮಿಗತೆಯನ್ನು ಈಗ ಕಾರ್ಖಾನೆಯವರೇ ಬಹುಮಟ್ಟಿಗೆ ಬಳಸಿ ಮುಗಿಸಿರುತ್ತಾರೆ.

ಲ್ಯಾಪ್‌ಟಾಪಿನ ವಿಷಯದಲ್ಲಿ ಶಾಖದ ಮಾತೇ ಮೊದಲ ಮಾತು, ಕೊನೆಯ ಮಾತೂ ಅದೇ. ಪ್ರೊಸೆಸರು ನುಂಗುವ ವಿದ್ಯುತ್ತು ಮಿಡಿತದ ವೇಗಕ್ಕೆ ಸಮಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಿದರೆ ಯಂತ್ರ ತಡವರಿಸದಿರಲೆಂದು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಲೆಕ್ಕ ಬಲ್ಲ ಗುಮಾಸ್ತ ಬಂಧುಗಳಿಗಾಗಿ ಒಂದು ಉದಾಹರಣೆ: 2015ರಲ್ಲಿ ಬಂದ ಇಂಟೆಲ್ ಕೋರ್ ಐ7-6820ಎಚ್‌ಕೆ ಎಂಬುದು ಗುಣಕವನ್ನು ಬದಲಿಸಲು ಅನುಮತಿಯಿದ್ದ ಲ್ಯಾಪ್‌ಟಾಪ್ ಪ್ರೊಸೆಸರ್. ಮೂಲ ವೇಗ 2.7, ಟರ್ಬೋ ವೇಗ 3.6 ಗಿಗಾಹರ್ಟ್ಸ್. ಅದನ್ನು 4.0ಕ್ಕೆ ಏರಿಸಿದರೆ ಲಾಭ ನೂರಕ್ಕೆ ಹನ್ನೊಂದು. ಇದಕ್ಕಾಗಿ ವೋಲ್ಟೇಜು 1.15ರಿಂದ 1.25ಕ್ಕೆ ಏರಬೇಕಾಯಿತೆಂದು ಇಟ್ಟುಕೊಳ್ಳಿ. ಗುಣಿಸಿ ನೋಡಿದರೆ ವಿದ್ಯುತ್ತಿನ ವೆಚ್ಚ ನೂರಕ್ಕೆ ಮೂವತ್ತೊಂದರಷ್ಟು ಏರುತ್ತದೆ. ಅಷ್ಟೂ ಶಾಖವಾಗಿಯೇ ಹೊರಬೀಳಬೇಕು. ಹನ್ನೊಂದರ ಆದಾಯಕ್ಕೆ ಮೂವತ್ತೊಂದರ ಖರ್ಚು! ಅದೇ ವರ್ಷ ಏಸುಸ್ ಸಂಸ್ಥೆ ಇದೇ ಪ್ರೊಸೆಸರನ್ನಿಟ್ಟು ಪ್ರದರ್ಶಿಸಿದ ಜಿಎಕ್ಸ್700 ಎಂಬ ಲ್ಯಾಪ್‌ಟಾಪಿಗೆ ಬೆನ್ನ ಹಿಂದೆ ನೀರು ಹರಿದು ತಂಪುಮಾಡುವ ದೊಡ್ಡದೊಂದು ಪೆಟ್ಟಿಗೆಯನ್ನೇ ಜೋಡಿಸುವ ಏರ್ಪಾಡಿತ್ತೆಂಬುದನ್ನು ನೆನೆದರೆ ವಿಷಯದ ಗಾತ್ರ ತಿಳಿದೀತು.

ಹೋಟೆಲಿನ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾದುದೇ ಇಲ್ಲ. ರುಬ್ಬುವ ಯಂತ್ರವನ್ನು ಎಡೆಬಿಡದೆ ಓಡಿಸಿದರೆ ಉದ್ದಿನ ಹಿಟ್ಟು ಬಿಸಿಯಾಗುತ್ತದೆಂದು ಭಟ್ಟರು ನಡುನಡುವೆ ತಣ್ಣೀರು ಚಿಮುಕಿಸುವುದಿಲ್ಲವೆ? ಲ್ಯಾಪ್‌ಟಾಪಿಗೆ ಆ ತಣ್ಣೀರೆಂದರೆ ಅಂಗೈಯಗಲದ ಫ್ಯಾನೊಂದು, ತಾಮ್ರದ ಕೊಳವೆಯೊಂದು, ಅಷ್ಟೆ. ಶಾಖ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಇಂದಿನ ಪ್ರೊಸೆಸರುಗಳು ಆತ್ಮರಕ್ಷಣೆಗಾಗಿ ತಮ್ಮ ವೇಗವನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಹೀಗಾಗಿ ಏರಿಸಿದ ಯಂತ್ರವು ಏರಿಸದ ಯಂತ್ರಕ್ಕಿಂತ ಹಿಂದೆ ಬೀಳುವ ವಿಪರೀತವೂ ನಡೆಯುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಐದಾರು ಮಂದಿ ಮಲಗುವ ಖೋಲಿಯಲ್ಲಿ, ಹಾಸಿಗೆಯ ಮೇಲೆ ಗಾಳಿಕಂಡಿ ಮುಚ್ಚುವಂತೆ ಇಟ್ಟ ಲ್ಯಾಪ್‌ಟಾಪಿನ ಪಾಡು ಹೇಳತೀರದು.

ಪರೀಕ್ಷೆಯ ಕ್ರಮವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಮ್ಯಾಕ್ಸಾನ್ ಸಂಸ್ಥೆಯ ಸಿನೆಬೆಂಚ್ ಎಂಬುದು ಪ್ರೊಸೆಸರಿಗೆ ಒಂದು ಚಿತ್ರವನ್ನು ರಚಿಸಲು ಕೊಟ್ಟು ಅಂಕ ಹಾಕುವ ಉಚಿತ ಪರೀಕ್ಷೆ. ಒಮ್ಮೆ ಓಡಿಸಿ, ಅಂಕ ಏರಿತೆಂದು ಸಂಭ್ರಮಿಸುವವರೇ ಹೆಚ್ಚು. ತಣ್ಣಗಿರುವ ಯಂತ್ರ ಮೊದಲ ಓಟದಲ್ಲಿ ಯಾವಾಗಲೂ ಚುರುಕು. ಇಂಟೆಲಿನ ಅನೇಕ ಲ್ಯಾಪ್‌ಟಾಪುಗಳಿಗೆ ಹೆಚ್ಚಿನ ವಿದ್ಯುತ್ತು ಕುಡಿಯಲು ಸುಮಾರು 28 ಸೆಕೆಂಡುಗಳ ರಿಯಾಯಿತಿ ಇರುತ್ತದೆ; ಆಮೇಲೆ ಪಡಿತರದ ಅಳತೆ. ಆದುದರಿಂದ ಪರೀಕ್ಷೆಯನ್ನು ಎಡೆಬಿಡದೆ ಅರ್ಧ ಗಂಟೆ ನಡೆಸಿ, ಕೊನೆಯ ಓಟಗಳ ಅಂಕವನ್ನು ಬರೆದುಕೊಳ್ಳತಕ್ಕದ್ದು. ಚಾರ್ಜರು ಸಿಕ್ಕಿಸಿಯೇ ಇರಬೇಕು, ಬೇರೆ ಕೆಲಸಗಳೆಲ್ಲ ಮುಚ್ಚಿರಬೇಕು, ಏರಿಸುವುದಕ್ಕೆ ಮುಂಚಿನ ಪರೀಕ್ಷೆಯೂ ಏರಿಸಿದ ಮೇಲಿನದೂ ಒಂದೇ ಕೋಣೆಯಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ನಡೆಯಬೇಕು. ಜೊತೆಗೆ ಶಾಖದ ಅಂಕಿಯನ್ನೂ ಗುರುತು ಹಾಕಬೇಕು. ಎರಡು ಓಟಗಳ ನಡುವೆ ಸಹಜವಾಗಿಯೇ ನೂರಕ್ಕೆ ಎರಡು ಮೂರರ ಅಂತರ ಬರುವುದುಂಟು. ಅಷ್ಟೇ ಲಾಭ ಕಂಡರೆ ಅದನ್ನು ಲಾಭವೆಂದು ಬರೆಯಬಾರದು.

ವೇಗದ ಪರೀಕ್ಷೆಗಿಂತಲೂ ಮುಖ್ಯವಾದುದು ಸ್ಥಿರತೆಯ ಪರೀಕ್ಷೆ. ಬೃಹತ್ತಾದ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು 1996ರಲ್ಲಿ ಆರಂಭವಾದ ಉದ್ಯಮವೊಂದರ ಪ್ರೈಮ್95 ಎಂಬ ತಂತ್ರಾಂಶ ಈ ಕಾರ್ಯಕ್ಕೆ ಹೆಸರಾಗಿದೆ. ಅದು ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಮಾಡಿಸಿ ತಾಳೆ ನೋಡುತ್ತದೆ. ಅತಿಯಾಗಿ ಏರಿಸಿದ ಪ್ರೊಸೆಸರು ಯಾವಾಗಲೂ ಸದ್ದು ಮಾಡಿ ನಿಲ್ಲುವುದಿಲ್ಲ. ಕೆಲವೊಮ್ಮೆ ಅದು ಓಡುತ್ತಲೇ ಇದ್ದು, ಒಂದು ಅಂಕೆಯನ್ನು ತಪ್ಪಾಗಿ ಕೂಡಿ, ಅದನ್ನು ಹಾಗೆಯೇ ಬರೆದಿಡುತ್ತದೆ. ಆಟ ಆಡುವವನಿಗೆ ಇದರಿಂದ ನಷ್ಟವಿಲ್ಲ. ವರ್ಷದ ಜಮಾಖರ್ಚನ್ನೋ ಮಗಳ ಪ್ರಬಂಧವನ್ನೋ ಆ ಯಂತ್ರದಲ್ಲಿ ಇಟ್ಟವರ ಗತಿ ಬೇರೆ. ರಾತ್ರಿಯಿಡೀ ಈ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ತೇರ್ಗಡೆಯಾಗದ ಯಂತ್ರವನ್ನು ಮೂಲ ವೇಗಕ್ಕೆ ಇಳಿಸಿಬಿಡುವುದೇ ಸರಿ.

ಇಷ್ಟೆಲ್ಲ ಆದಮೇಲೆ ದಿನನಿತ್ಯದ ಕೆಲಸಕ್ಕೆ ದಕ್ಕುವುದೆಷ್ಟು? ಜೀನ್ ಆಮ್‌ಡಾಲ್ ಎಂಬ ಇಂಜಿನಿಯರು 1967ರಲ್ಲಿ ಮಂಡಿಸಿದ ವಾದ ಇಲ್ಲಿಗೂ ಅನ್ವಯಿಸುತ್ತದೆ: ಕೆಲಸದ ಯಾವ ಭಾಗವನ್ನು ಚುರುಕುಗೊಳಿಸಿದೆವೋ ಆ ಭಾಗದ ಕಾಲ ಮಾತ್ರ ಉಳಿಯುತ್ತದೆ. ಹತ್ತು ನಿಮಿಷದ ಕೆಲಸದಲ್ಲಿ ಪ್ರೊಸೆಸರಿನದು ನಾಲ್ಕು ನಿಮಿಷ, ಮಿಕ್ಕ ಆರು ಡಿಸ್ಕಿನದು ಎಂದಾದರೆ, ನೂರಕ್ಕೆ ಹನ್ನೊಂದರ ವೇಗವರ್ಧನೆಯಿಂದ ಉಳಿಯುವುದು 24 ಸೆಕೆಂಡು. ಪಲ್ಯವೇ ಬೆಂದಿಲ್ಲದಿರುವಾಗ ಕಾವಲಿಯ ಉರಿ ಎಬ್ಬಿಸಿದರೆ ಮಸಾಲೆ ದೋಸೆ ಬೇಗ ಬರುವುದೆ? ಹಳೆಯ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು, ಒಂದೇ ಮೆಮೊರಿ ಪಟ್ಟಿಯಿದ್ದರೆ ಇನ್ನೊಂದನ್ನು ಸೇರಿಸುವುದು - ಇವುಗಳಿಂದ ಆಗುವ ಪ್ರಯೋಜನದ ಮುಂದೆ ಓವರ್‌ಕ್ಲಾಕಿಂಗಿನದು ಲೆಕ್ಕಕ್ಕಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಫ್ಯಾನಿನ ಧೂಳು ತೆಗೆಸಿ, ಒಣಗಿಹೋದ ಶಾಖವಾಹಕ ಲೇಪವನ್ನು ಹೊಸದಾಗಿ ಹಚ್ಚಿಸಿದರೂ ಕಳೆದುಹೋದ ವೇಗ ಎಷ್ಟೋ ಮರಳುತ್ತದೆ.

ಇನ್ನೊಂದು ದಾರಿಯೂ ಇದೆ, ಕೇಳಲು ವಿಚಿತ್ರ. ವೇಗವನ್ನು ಮುಟ್ಟದೆ ವೋಲ್ಟೇಜನ್ನು ಮಾತ್ರ ಕೊಂಚ ಇಳಿಸುವುದು. ಶಾಖ ತಗ್ಗುವುದರಿಂದ ಪ್ರೊಸೆಸರು ಟರ್ಬೋ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇದಕ್ಕೂ ಸ್ಥಿರತೆಯ ಪರೀಕ್ಷೆ ತಪ್ಪದು. ಆದರೆ ಬರ್ಮಿಂಗ್‌ಹ್ಯಾಮ್, ಗ್ರಾಟ್ಸ್, ಲೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಅವಕಾಶವನ್ನೇ ಬಳಸಿ ಇಂಟೆಲ್ ಪ್ರೊಸೆಸರಿನ ಭದ್ರ ಕೋಶದಿಂದ ರಹಸ್ಯಗಳನ್ನು ಕದಿಯಬಹುದೆಂದು 2019ರ ಡಿಸೆಂಬರಿನಲ್ಲಿ ತೋರಿಸಿಕೊಟ್ಟರು. 'ಪ್ಲಂಡರ್‌ವೋಲ್ಟ್' ಎಂದು ಅದಕ್ಕೆ ಹೆಸರಾಯಿತು. ಆ ಬಳಿಕ ಅನೇಕ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜಿನ ಕೀಲಿಗೆ ಬೀಗ ಬಿದ್ದಿದೆ.

ಗುಣಕದ ಬೀಗವಂತೂ ಮೊದಲಿನಿಂದಲೂ ಇದೆ. ಪ್ರೊಸೆಸರಿನ ಹೆಸರಿನ ಬಾಲವನ್ನು ನೋಡಿದರೆ ತಿಳಿಯುತ್ತದೆ: ಇಂಟೆಲಿನದಾದರೆ ಎಚ್‌ಕೆ ಎಂದಿದ್ದರೆ, ಅಥವಾ 2022ರಿಂದೀಚಿನ ಎಚ್‌ಎಕ್ಸ್ ವರ್ಗದ ಕೆಲವದರಲ್ಲಿ, ಏರಿಸಲು ಅನುಮತಿಯುಂಟು. ಕಚೇರಿಗಳಿಂದ ಹೊರಬೀಳುವ ಯಂತ್ರಗಳಲ್ಲಿ ಸಾಧಾರಣವಾಗಿ ಕಾಣುವ ಬಾಲ ಯು. ಅದರ ಗುಣಕಕ್ಕೆ ಬೀಗ ಹಾಕಿಯೇ ಇರುತ್ತದೆ. ಆದುದರಿಂದ ಯು ಬಾಲದ ಲ್ಯಾಪ್‌ಟಾಪನ್ನು 'ಓವರ್‌ಕ್ಲಾಕ್ ಮಾಡಿಕೊಡುತ್ತೇವೆ' ಎಂದು ಅಂಗಡಿಯಾತ ಹಣ ಕೇಳಿದರೆ, ಯಾವ ಗುಣಕವನ್ನು ಎಷ್ಟಕ್ಕೆ ಏರಿಸುವಿರೆಂದು ಕೇಳಿ, ಅರ್ಧ ಗಂಟೆಯ ಪರೀಕ್ಷೆಯನ್ನು ಅಲ್ಲಿಯೇ ತಮ್ಮ ಕಣ್ಣೆದುರಿಗೆ ಎರಡು ಸಲ, ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ನಡೆಸಿ ತೋರಿಸುವಂತೆ ವಾಚಕರು ಒತ್ತಾಯಿಸಬೇಕು. ಹಣ ಎಣಿಸುವುದು ಅದಾದ ಮೇಲೆ.